ಪುಟ್ಟ ಕಾರಿಗೆ ದೊಡ್ಡ ತಿದಿ

ಪೆಟ್ರೋಲ್ ಎಂಜಿನ್ನಿನ ಶಕ್ತಿಯೆಲ್ಲ ಅದು ಎಳೆದುಕೊಳ್ಳುವ ಗಾಳಿಯನ್ನು ಅವಲಂಬಿಸಿದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಬೇಕಾದಷ್ಟು ಹರಿಸಬಹುದು. ಗಾಳಿಯ ವಿಚಾರ ಹಾಗಲ್ಲ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಆಗುವ ತೆರವನ್ನು ಹೊರಗಿನ ವಾತಾವರಣದ ಒತ್ತಡವೇ ತುಂಬಬೇಕು. ಸಿಲಿಂಡರ್ ಚಿಕ್ಕದಾದಷ್ಟೂ ಒಳಬರುವ ಗಾಳಿ ಕಡಿಮೆ. ಎತ್ತರದ ಊರುಗಳಲ್ಲಂತೂ ಅದು ಇನ್ನೂ ಕಡಿಮೆ. ಸಮುದ್ರಮಟ್ಟದ ಮಂಗಳೂರಿಗೆ ಹೋಲಿಸಿದರೆ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿದಿರುತ್ತದೆ. ಅದೇ ಕಾರಿನ ಎಳೆತವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಕುಲುಮೆಯ ಕೆಂಡಕ್ಕೆ ತಿದಿ ಗಾಳಿಯೊತ್ತುವ ಹಾಗೆ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪೇ ಸೂಪರ್‌ಚಾರ್ಜರ್. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನಿಂದಲೇ ಬೆಲ್ಟ್, ಚೈನ್ ಅಥವಾ ಗೇರುಗಳ ಮೂಲಕ ಅದು ತಿರುಗುತ್ತದೆ. ಹೊರಬೀಳುವ ಹೊಗೆಯ ರಭಸದಿಂದ ತಿರುಗುವ ಟರ್ಬೊಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಪಂದ್ಯದ ಸಣ್ಣ ಕಾರುಗಳಿಗೆ ಈ ತಿದಿಯನ್ನು ಕಟ್ಟಿ ಹದಗೊಳಿಸುವ ಕಸುಬಿಗೆ ಈಗ ನೂರು ವರ್ಷ ದಾಟಿದೆ. ಈ ಅವಧಿಯಲ್ಲಿ ಪಂಪುಗಳು ಬದಲಾದವು, ಇಂಧನ ಬದಲಾಯಿತು, ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಬಂತು. ಕಸುಬುದಾರನ ಮುಖ್ಯ ತೊಡಕು ಮಾತ್ರ ಮೊದಲಿನಿಂದ ಇಂದಿನವರೆಗೂ ಒಂದೇ. ಅದು ಶಾಖ.

ಈ ಪಂಪು ಹುಟ್ಟಿದ್ದು ಕಾರಿಗಾಗಿ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಉಣ್ಣೆಯ ಗಿರಣಿ ನಡೆಸುತ್ತಿದ್ದ ಫಿಲಾಂಡರ್ ರೂಟ್ಸ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಸೋದರರು ಗಿರಣಿಯ ನೀರ್ಚಕ್ರವನ್ನು ಸುಧಾರಿಸಲು ಹೊರಟು, ಒಂದಕ್ಕೊಂದು ಹೊಂದಿಕೊಂಡು ತಿರುಗುವ 8ರ ಆಕಾರದ ಎರಡು ಉರುಳೆಗಳ ಯಂತ್ರವೊಂದನ್ನು ಮಾಡಿದರು. ನೀರಿಗಿಂತ ಗಾಳಿಯನ್ನು ಸಾಗಿಸಲು ಅದು ಚೆನ್ನಾಗಿ ಒದಗಿತು. 1860ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಕಬ್ಬಿಣ ಕರಗಿಸುವ ಕುಲುಮೆಗಳಿಗೂ ಗಣಿಯ ಸುರಂಗಗಳಿಗೂ ಗಾಳಿಯೂದುವ ಕೆಲಸದಲ್ಲಿ ರೂಟ್ಸ್ ಬ್ಲೋವರ್ ಹೆಸರಾಯಿತು. ಸೂಪರ್‌ಚಾರ್ಜರನ್ನು ತಿದಿ ಎಂದು ಕರೆಯುವುದು ಬರಿಯ ಉಪಮೆಯಲ್ಲ. ಕುಲುಮೆಗೆ ಗಾಳಿ ಒತ್ತುತ್ತಿದ್ದ ಯಂತ್ರವೇ ಮುಂದೆ ಕಾರಿನ ಬಾನೆಟ್ಟಿನೊಳಗೆ ಸೇರಿತು.

ಎಂಜಿನ್ನಿಗೆ ಗಾಳಿಯೊತ್ತುವ ಯೋಚನೆ ಎಂಜಿನ್ನಿನಷ್ಟೇ ಹಳೆಯದು. ಜರ್ಮನಿಯ ಗಾಟ್ಲೀಬ್ ಡೈಮ್ಲರ್ 1885ರಲ್ಲೇ ತಮ್ಮ ಪೇಟೆಂಟೊಂದರಲ್ಲಿ ಅದನ್ನು ಸೇರಿಸಿದ್ದರು. ಫ್ರಾನ್ಸಿನಲ್ಲಿ ಲೂಯಿ ರೆನೊ 1902ರಲ್ಲಿ, ಬೀಸಣಿಗೆಯಂತೆ ಸುತ್ತುವ ಸೆಂಟ್ರಿಫ್ಯೂಗಲ್ ಬಗೆಗೆ ಪೇಟೆಂಟ್ ಪಡೆದರು. ಅಮೆರಿಕದ ಪೆನ್ಸಿಲ್ವೇನಿಯಾದ ಲೀ ಚಾಡ್ವಿಕ್ ತಮ್ಮ ಆರು ಸಿಲಿಂಡರಿನ ಕಾರಿಗೆ ಅಂಥ ಪಂಪನ್ನು ಕೂರಿಸಿದರು. 1908ರಲ್ಲಿ ಆ ಕಾರು ಬೆಟ್ಟ ಏರುವ ಪಂದ್ಯವನ್ನು ಗೆದ್ದಿತು. ಆದರೆ ಈ ಯಂತ್ರಕ್ಕೆ ನಿಜವಾದ ಅಗತ್ಯ ಒದಗಿಸಿದ್ದು ಮೊದಲ ಮಹಾಯುದ್ಧದ ವಿಮಾನಗಳು. ಮೇಲೇರಿದಂತೆಲ್ಲ ಉಸಿರುಗಟ್ಟುವ ಎಂಜಿನ್ನಿಗೆ ನೆಲದ ಗಾಳಿಯ ಸಾಂದ್ರತೆಯನ್ನು ಮರಳಿ ಕೊಡುವುದು ಅಲ್ಲಿನ ಗುರಿ. ಯುದ್ಧ ಮುಗಿದ ಮೇಲೆ ಈ ಅನುಭವ ನೆಲಕ್ಕಿಳಿಯಿತು. 1921ರ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಸಂಸ್ಥೆ ಸೂಪರ್‌ಚಾರ್ಜರ್ ಇದ್ದ ಎರಡು ಕಾರುಗಳನ್ನು ಮುಂದಿಟ್ಟಿತು. ಚಿಕ್ಕದರ ಹೆಸರು 6/25/40. ಮೊದಲ ಅಂಕಿ ತೆರಿಗೆಯ ಲೆಕ್ಕದ ಅಶ್ವಶಕ್ತಿ, ಎರಡನೆಯದು ಪಂಪು ಸುಮ್ಮನಿದ್ದಾಗಿನ ಶಕ್ತಿ, ಮೂರನೆಯದು ಪಂಪು ತಿರುಗುವಾಗಿನದು. ಚಾಲಕ ಪೆಡಲನ್ನು ಪೂರ್ತಿ ಒತ್ತಿದಾಗ ಮಾತ್ರ ಕ್ಲಚ್ ಹಿಡಿದು ಪಂಪು ತಿರುಗುತ್ತಿತ್ತು. ಅದರ ಕಿರುಚು ದೂರಕ್ಕೂ ಕೇಳುತ್ತಿತ್ತು.

ಪಂದ್ಯದಲ್ಲಿ ಇದು ಗೆಲ್ಲುವುದಕ್ಕೆ ಮೊದಲು ಸೋತಿತು. 1923ರ ಫ್ರೆಂಚ್ ಗ್ರ್ಯಾನ್ ಪ್ರಿಗೆ ಫಿಯೆಟ್ ತಂದ ಸೂಪರ್‌ಚಾರ್ಜರ್ ಕಾರುಗಳು ಎಲ್ಲರಿಗಿಂತ ಜೋರಾಗಿದ್ದವು. ಆದರೆ ಪಂಪಿನ ಬಾಯಿ ರಸ್ತೆಯ ದೂಳು, ಮರಳನ್ನೆಲ್ಲ ಒಳಗೆಳೆದುಕೊಂಡು ಎಂಜಿನ್ನುಗಳು ಕೆಟ್ಟುಹೋದವು. ಗಾಳಿಗೆ ಜರಡಿ ಬೇಕೆಂಬ ಪಾಠ ಅಲ್ಲಿ ದುಬಾರಿಯಾಗಿ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೊನ್ಜಾದಲ್ಲಿ ನಡೆದ ಇಟಾಲಿಯನ್ ಗ್ರ್ಯಾನ್ ಪ್ರಿಯನ್ನು ಕಾರ್ಲೊ ಸಲಮಾನೊ ಫಿಯೆಟ್ 805ರಲ್ಲಿ ಗೆದ್ದರು. ಸೂಪರ್‌ಚಾರ್ಜರ್ ಕಾರಿಗೆ ದಕ್ಕಿದ ಮೊದಲ ಗ್ರ್ಯಾನ್ ಪ್ರಿ ಗೆಲುವು ಅದು. ಎಂಜಿನ್ನಿನ ಗಾತ್ರವನ್ನು 2 ಲೀಟರಿಗೆ ಮಿತಿಗೊಳಿಸಿದ್ದ ಅಂದಿನ ನಿಯಮದಲ್ಲಿ ಇನ್ನು ಪಂಪಿಲ್ಲದೆ ಗೆಲ್ಲುವುದು ಕಷ್ಟವಾಯಿತು.

ಪಂಪನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ ಆಗ ಎದ್ದಿತು. ಮರ್ಸಿಡಿಸ್ ಮತ್ತು ಫಿಯೆಟ್ ಪಂಪುಗಳು ಕಾರ್ಬ್ಯುರೇಟರಿನ ಮುಂಚೆ ಕುಳಿತು ಅದರೊಳಕ್ಕೆ ಗಾಳಿಯೂದುತ್ತಿದ್ದವು. ಒತ್ತಡ ಏರಿಳಿದಂತೆ ಪೆಟ್ರೋಲಿನ ಅಳತೆ ತಪ್ಪುತ್ತಿತ್ತು. ಬ್ರಿಟನ್ನಿನ ಸನ್‌ಬೀಮ್ 1924ರಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡಿತು: ಕಾರ್ಬ್ಯುರೇಟರ್ ಮೊದಲು, ಪಂಪು ಆಮೇಲೆ. ಪಂಪು ಬರಿಯ ಗಾಳಿಯ ಬದಲು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನೇ ಹೀರುವಂತಾಯಿತು. ಇದರಿಂದ ಎರಡು ಲಾಭ. ಕಾರ್ಬ್ಯುರೇಟರ್ ಎಂದಿನ ವಾತಾವರಣದ ಒತ್ತಡದಲ್ಲೇ ಕೆಲಸ ಮಾಡುವುದರಿಂದ ಅಳತೆ ಸ್ಥಿರವಾಯಿತು. ಪಂಪಿನೊಳಗೆ ಪೆಟ್ರೋಲ್ ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಮಿಶ್ರಣ ತಂಪಾಯಿತು. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ತತ್ತ್ವವೇ ಇದು. ಇಂಧನಕ್ಕೆ ಮೆಥನಾಲ್ ಬೆರೆಸಿದರೆ ಈ ತಂಪು ಹಲವು ಪಟ್ಟು ಹೆಚ್ಚುತ್ತದೆ. ಹಾಗಾಗಿ ಮುಂದಿನ ಮೂರು ದಶಕ ಪಂದ್ಯದ ಕಾರುಗಳು ಮದ್ಯಸಾರದ ಮೇಲೆಯೇ ಓಡಿದವು. ಸನ್‌ಬೀಮ್ ಹಾಕಿದ ಕ್ರಮವನ್ನು ಮಿಕ್ಕ ತಯಾರಕರು ಒಬ್ಬೊಬ್ಬರಾಗಿ ಹಿಡಿದರು.

ಆ ಕಾಲದ ಸೂಪರ್‌ಚಾರ್ಜರ್ ಎಂದರೆ ಇಂದಿಗೂ ಹೆಚ್ಚು ಜನರಿಗೆ ನೆನಪಾಗುವುದು ಬ್ಲೋವರ್ ಬೆಂಟ್ಲಿ. ಟಿಮ್ ಬರ್ಕಿನ್ ಹಟ ಹಿಡಿದು, ಡಾರತಿ ಪ್ಯಾಜೆಟ್ ಹಣ ಕೊಟ್ಟು, ಆಮ್ಹರ್ಸ್ಟ್ ವಿಲಿಯರ್ಸ್ ಪಂಪು ರೂಪಿಸಿದ ನಾಲ್ಕೂವರೆ ಲೀಟರಿನ ಆ ಕಾರಿಗೆ ಅದರ ಮೂಲ ಕರ್ತೃ ಡಬ್ಲ್ಯೂ.ಓ. ಬೆಂಟ್ಲಿ ಅವರ ಒಪ್ಪಿಗೆಯೇ ಇರಲಿಲ್ಲ. 1930ರ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಎರಡನೆಯ ಸ್ಥಾನ ಅದರ ದೊಡ್ಡ ಸಾಧನೆ. ಚೆಲುವಿನಲ್ಲಿ ಅದಕ್ಕೆ ಸಾಟಿ ಇರಲಿಲ್ಲ, ನಿಜ. ಆದರೆ ಸೂಪರ್‌ಚಾರ್ಜರಿನ ಕಸುಬನ್ನು ಕಲಿಸಿದ್ದು ಅದರ ಆರನೆಯ ಒಂದು ಪಾಲಿನಷ್ಟೇ ಎಂಜಿನ್ ಇದ್ದ ಪುಟ್ಟ ಕಾರುಗಳು.

ಅವುಗಳಲ್ಲಿ ಮೊದಲನೆಯದು ಆಸ್ಟಿನ್ ಸೆವೆನ್. 1922ರಲ್ಲಿ ಬಂದ ಈ ಕಾರು ಬ್ರಿಟನ್ನಿನ ಮಧ್ಯಮವರ್ಗಕ್ಕೆ ಮೋಟಾರುಕಾರಿನ ರುಚಿ ತೋರಿಸಿತು. 747 ಸಿ.ಸಿ. ಎಂಜಿನ್, ಹತ್ತರ ಆಸುಪಾಸಿನ ಅಶ್ವಶಕ್ತಿ. ಕ್ರ್ಯಾಂಕ್‌ಶಾಫ್ಟಿಗೆ ಆಸರೆಯಾಗಿ ಇದ್ದದ್ದು ಎರಡೇ ಬೇರಿಂಗ್, ತುದಿಗೊಂದು. ವೇಗ ಹೆಚ್ಚಿದಾಗ ಆ ಶಾಫ್ಟು ನಡುವೆ ಬಿಲ್ಲಿನಂತೆ ಬಾಗುತ್ತಿತ್ತು. ಇಂಥ ಬಡಕಲು ಎಂಜಿನ್ನಿಗೆ ಒತ್ತಡದ ಗಾಳಿ ತುಂಬುವುದು ಹುಚ್ಚು ಸಾಹಸದಂತೆ ಕಂಡರೂ, ಅದರಲ್ಲೊಂದು ವಿವೇಕವಿತ್ತು. ಶಕ್ತಿ ಹೆಚ್ಚಿಸಲು ಇರುವ ಇನ್ನೊಂದು ದಾರಿ ಎಂಜಿನ್ನನ್ನು ಹೆಚ್ಚು ಸುತ್ತು ತಿರುಗಿಸುವುದು. ಶಾಫ್ಟನ್ನು ಮುರಿಯುತ್ತಿದ್ದದ್ದು ಬಹುಮಟ್ಟಿಗೆ ಆ ಸುತ್ತುಗಳೇ. ಅದೇ ಸುತ್ತಿನಲ್ಲಿ ಹೆಚ್ಚು ಗಾಳಿ ತುಂಬಿದರೆ ಅಷ್ಟು ಹಾನಿಯಿಲ್ಲದೆ ಶಕ್ತಿ ಸಿಗುತ್ತದೆ. ಅಲ್‌ಸ್ಟರ್ ಎಂದು ಹೆಸರಾದ ಪಂದ್ಯದ ಮಾದರಿಯಲ್ಲಿ ಎಣ್ಣೆಯನ್ನು ಒತ್ತಡದಿಂದ ಹರಿಸುವ ಏರ್ಪಾಡಾಯಿತು. ಬಯಸಿದವರಿಗೆ ಫ್ರಾನ್ಸಿನ ಕೊಜೆಟ್ ಸೂಪರ್‌ಚಾರ್ಜರನ್ನೂ ಕೂರಿಸಿ ಕೊಟ್ಟರು. 1929ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಆರ್ಡ್ಸ್ ಬೀದಿಗಳಲ್ಲಿ ನಡೆದ ಟೂರಿಸ್ಟ್ ಟ್ರೋಫಿ ಪಂದ್ಯದಲ್ಲಿ ರುಡಾಲ್ಫ್ ಕರಾಚಿಯೋಲಾ ಅವರ ಏಳು ಲೀಟರಿನ ಮರ್ಸಿಡಿಸ್ ಗೆದ್ದಿತು. ಕ್ಯಾಂಪಾರಿ ಅವರ ಆಲ್ಫಾ ರೋಮಿಯೋ ಎರಡನೆಯದಾಯಿತು. ಗಾತ್ರಕ್ಕೆ ತಕ್ಕಂತೆ ರಿಯಾಯಿತಿ ಕೊಡುವ ಆ ಪಂದ್ಯದಲ್ಲಿ ಮೂರನೆಯ ಸ್ಥಾನಕ್ಕೆ ಬಂದದ್ದು ಆರ್ಚಿ ಫ್ರೇಜರ್ ನ್ಯಾಶ್ ಓಡಿಸಿದ ಆಸ್ಟಿನ್ ಸೆವೆನ್.

ಆಸ್ಟಿನ್ನಿಗೆ ಎದುರಾಳಿಯಾಗಿ ಬೆಳೆದದ್ದು ಆಬಿಂಗ್ಡನ್ ಊರಿನ ಎಂ.ಜಿ. ಕಾರ್ಖಾನೆ. 750 ಸಿ.ಸಿ. ಒಳಗಿನ ಕಾರು ಗಂಟೆಗೆ 100 ಮೈಲಿ, ಅಂದರೆ 161 ಕಿ.ಮೀ. ಮುಟ್ಟುವುದು ಯಾರ ಕೈಯಲ್ಲಿ ಮೊದಲು ಎಂಬ ಪೈಪೋಟಿ 1931ರ ಆರಂಭಕ್ಕೆ ತಾರಕಕ್ಕೇರಿತ್ತು. ಅಮೆರಿಕದ ಡೇಟೋನಾ ಕಡಲತೀರದಲ್ಲಿ ಮಾಲ್ಕಮ್ ಕ್ಯಾಂಬೆಲ್ ಆಸ್ಟಿನ್ ಓಡಿಸಿ 94 ಮೈಲಿ ಮುಟ್ಟಿದರು. ಅದೇ ಫೆಬ್ರುವರಿಯಲ್ಲಿ ಪ್ಯಾರಿಸ್ ಬಳಿಯ ಮಾಂಟ್‌ಲೆರಿ ಟ್ರ್ಯಾಕಿನಲ್ಲಿ ಜಾರ್ಜ್ ಐಸ್ಟನ್, ಪವರ್‌ಪ್ಲಸ್ ಸೂಪರ್‌ಚಾರ್ಜರ್ ಕಟ್ಟಿದ ಎಂ.ಜಿ. ಇಎಕ್ಸ್120 ಕಾರಿನಲ್ಲಿ 103 ಮೈಲಿ ದಾಟಿದರು. ಕೆಲವೇ ತಿಂಗಳ ಬಳಿಕ ಅದೇ ಕಾರಿನಲ್ಲಿ ಒಂದು ಗಂಟೆ ಬಿಡದೆ ಓಡಿ 101 ಮೈಲಿ ಕ್ರಮಿಸಿದ ಮೇಲೆ ಎಂಜಿನ್ನಿಗೆ ಬೆಂಕಿ ಹತ್ತಿತು. ಐಸ್ಟನ್ ಓಡುವ ಕಾರಿನಿಂದ ಹೊರಕ್ಕುರುಳಿ ಪಾರಾದರು. ಹೆಚ್ಚು ಗಾಳಿ ತುಂಬಿದ ಪುಟ್ಟ ಎಂಜಿನ್ ಎಷ್ಟು ಶಾಖ ಹೊರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಎಂ.ಜಿ.ಯ ಹೆಸರನ್ನು ಯುರೋಪಿನಾದ್ಯಂತ ಹರಡಿದ್ದು 1933ರ ಕೆ3 ಮ್ಯಾಗ್ನೆಟ್. 1,087 ಸಿ.ಸಿ., ಆರು ಸಿಲಿಂಡರ್, ರೇಡಿಯೇಟರಿನ ಮುಂದೆ ಸೂಪರ್‌ಚಾರ್ಜರ್. ಆ ವರ್ಷದ ಮಿಲ್ಲೆ ಮಿಲ್ಯಾ ಪಂದ್ಯದಲ್ಲಿ, ಇಟಲಿಯ ಹೆದ್ದಾರಿಗಳ ಮೇಲೆ ಸುಮಾರು ಸಾವಿರ ಮೈಲಿ ಓಡಿ, 1,100 ಸಿ.ಸಿ. ವರ್ಗವನ್ನು ಐಸ್ಟನ್ ಮತ್ತು ಕೌಂಟ್ ಲುರಾನಿ ಜೋಡಿ ಗೆದ್ದಿತು. ತಂಡದ ಬಹುಮಾನವೂ ಎಂ.ಜಿ.ಗೇ ಬಂತು. ಸೆಪ್ಟೆಂಬರಿನಲ್ಲಿ ಆರ್ಡ್ಸ್ ಟೂರಿಸ್ಟ್ ಟ್ರೋಫಿಯನ್ನು ಇಟಲಿಯ ತಾಜಿಯೋ ನುವೊಲಾರಿ ಇದೇ ಕಾರಿನಲ್ಲಿ ಗೆದ್ದರು. ಕಟ್ಟಿದ ಕೆ3ಗಳು ಬರೀ 33. ಅವುಗಳ ಮೊದಲ ವರ್ಷದ ಕಾಟ ಸ್ಪಾರ್ಕ್ ಪ್ಲಗ್ಗುಗಳದು. ಪವರ್‌ಪ್ಲಸ್ ಪಂಪಿನ ರೆಕ್ಕೆಗಳಿಗೆ ಬೇಕಾದ ಎಣ್ಣೆ ಮಿಶ್ರಣದ ಜೊತೆ ಸಿಲಿಂಡರ್ ಸೇರಿ ಪ್ಲಗ್ಗುಗಳಿಗೆ ಮಸಿ ಹಿಡಿಸುತ್ತಿತ್ತು. 1934ರಲ್ಲಿ, ಒಳಗೆ ಎಣ್ಣೆ ಬೇಡದ ರೂಟ್ಸ್ ಮಾದರಿಯ ಮಾರ್ಷಲ್ ಪಂಪಿಗೆ ಬದಲಾಯಿಸಿದ ಮೇಲೆ ಆ ಕಾಟ ತಗ್ಗಿತು. ಅದೇ ವರ್ಷ ಬಂದ ಕ್ಯೂ ಮಾದರಿಯಲ್ಲಿ 746 ಸಿ.ಸಿ. ಎಂಜಿನ್ ಜೋಲರ್ ಸೂಪರ್‌ಚಾರ್ಜರಿನ ಬಲದಿಂದ 113 ಅಶ್ವಶಕ್ತಿ ಕೊಟ್ಟಿತು. ಲೀಟರಿನ ಲೆಕ್ಕದಲ್ಲಿ ಅದು 150 ಅಶ್ವಶಕ್ತಿ. ಇಂದಿನ ಬಹುಪಾಲು ಟರ್ಬೊ ಕಾರುಗಳೂ ಆ ಮಟ್ಟ ಮುಟ್ಟುವುದಿಲ್ಲ. 1935ರಲ್ಲಿ ಕಾರ್ಖಾನೆ ಪಂದ್ಯಗಳನ್ನು ನಿಲ್ಲಿಸಿದ್ದು ಕಸುಬಿನ ದೃಷ್ಟಿಯಿಂದ ದೊಡ್ಡ ನಷ್ಟ.

ಆ ಕಾಲದ ಮೆಕ್ಯಾನಿಕ್‌ಗಳು ಈ ಕೆಲಸ ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಂಪನ್ನು ಸಾಮಾನ್ಯವಾಗಿ ಕಾರಿನ ಮೂತಿಯಲ್ಲಿ, ಚಾಸಿಯ ಎರಡು ತೋಳುಗಳ ನಡುವೆ ಕೂರಿಸಿ ಕ್ರ್ಯಾಂಕ್‌ಶಾಫ್ಟಿನ ಮುಂತುದಿಗೆ ಜೋಡಿಸುತ್ತಿದ್ದರು. ಎದುರುಗಾಳಿ ಪಂಪನ್ನು ತಂಪಾಗಿಡುತ್ತಿತ್ತು. ಅಲ್ಲಿಂದ ಎಂಜಿನ್ನಿಗೆ ಹೋಗುವ ಉದ್ದನೆಯ ಕೊಳವೆ ಮಿಶ್ರಣವನ್ನೂ ಅಷ್ಟಿಷ್ಟು ತಣಿಸುತ್ತಿತ್ತು. ಆ ಕೊಳವೆ ತುಂಬ ಇರುವುದು ಸ್ಫೋಟಕ್ಕೆ ಸಿದ್ಧವಾದ ಮಿಶ್ರಣ. ಎಂಜಿನ್ ಹಿಂದಕ್ಕೆ ಸಿಡಿದರೆ ಪಂಪೇ ಒಡೆಯಬಾರದೆಂದು ಕೊಳವೆಗೆ ಸ್ಪ್ರಿಂಗಿನ ವಾಲ್ವೊಂದನ್ನು ಇಡುತ್ತಿದ್ದರು. ಎಂಜಿನ್ನಿನ ಸಂಪೀಡನ ತಗ್ಗಿಸಲು ಬ್ಲಾಕಿನ ಕೆಳಗೆ ತಗಡಿನ ಹಾಳೆ ಸೇರಿಸಿ ಎತ್ತರಿಸುವುದು ರೂಢಿ. ಮ್ಯಾಗ್ನೆಟೊ ತಿರುಗಿಸಿ ಕಿಡಿಯನ್ನು ತುಸು ತಡವಾಗಿಸುತ್ತಿದ್ದರು. ಕಾರ್ಬ್ಯುರೇಟರಿನ ಜೆಟ್ಟು, ಸೂಜಿಗಳನ್ನು ಬದಲಿಸಿ ಮಿಶ್ರಣವನ್ನು ದಪ್ಪಗೊಳಿಸುತ್ತಿದ್ದರು. ಆಮೇಲೆ ಟ್ರ್ಯಾಕಿನಲ್ಲಿ ಪೂರ್ತಿ ವೇಗದಲ್ಲಿ ಓಡಿಸಿ, ಅಲ್ಲಿಯೇ ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದು. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಯಿತು. ಕಂದು ಬಣ್ಣ ಬಂದರೆ ಹದ ಸರಿ. ಬಿಳಿಚಿಕೊಂಡು ಗುಳ್ಳೆಯೆದ್ದಿದ್ದರೆ ಪೆಟ್ರೋಲ್ ಸಾಲದು, ಮುಂದಿನ ಸುತ್ತಿಗೆ ಪಿಸ್ಟನ್ ಕರಗಬಹುದು. ನಾಡಿ ಹಿಡಿದು ರೋಗ ಹೇಳುವ ಪಂಡಿತರ ಬಗೆಯ ವಿದ್ಯೆ ಇದು; ಪುಸ್ತಕದಿಂದ ಬರುತ್ತಿರಲಿಲ್ಲ. ಥಾಮಸ್ ಮರ್ರೆ ಜೇಮಿಸನ್ ಈ ವಿದ್ಯೆಯ ದೊಡ್ಡ ಹೆಸರು. ಮೊದಲು ವಿಲಿಯರ್ಸ್ ಜೊತೆ ದುಡಿದ ಅವರು ಆಸ್ಟಿನ್ ಸಂಸ್ಥೆ ಸೇರಿ, 1936ರಲ್ಲಿ ಎರಡು ಕ್ಯಾಮ್‌ಶಾಫ್ಟಿನ ಸೂಪರ್‌ಚಾರ್ಜ್ ಮಾಡಿದ ಪುಟಾಣಿ ಪಂದ್ಯದ ಕಾರನ್ನು ರೂಪಿಸಿದರು.

ಶಾಖದ ಲೆಕ್ಕವನ್ನು ಅಂಕಿಗಳಲ್ಲಿ ನೋಡಿದರೆ ಈ ಜಾಗ್ರತೆಯ ಕಾರಣ ತಿಳಿಯುತ್ತದೆ. ಹೊರಗೆ 27 ಡಿಗ್ರಿ ಸೆಲ್ಸಿಯಸ್ ಇರುವ ದಿನ ಗಾಳಿಯ ಒತ್ತಡವನ್ನು ಒಂದೂವರೆ ಪಟ್ಟು ಮಾಡಬೇಕೆನ್ನಿ. ಎಳ್ಳಷ್ಟೂ ನಷ್ಟವಿಲ್ಲದ ಆದರ್ಶ ಪಂಪಾದರೂ ಗಾಳಿಯನ್ನು ಸುಮಾರು 37 ಡಿಗ್ರಿ ಬಿಸಿ ಮಾಡುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದು ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು. ರೂಟ್ಸ್ ಪಂಪಿನಲ್ಲಿ ಇನ್ನೊಂದು ದೋಷವಿದೆ. ಅದು ತನ್ನೊಳಗೆ ಗಾಳಿಯನ್ನು ಅಮುಕುವುದಿಲ್ಲ, ಬರೀ ಈಚೆಯಿಂದ ಆಚೆಗೆ ಸಾಗಿಸುತ್ತದೆ. ಆಚೆ ಬಾಯಿ ತೆರೆದಾಗ ಅಲ್ಲಿ ಮೊದಲೇ ಒತ್ತಡದಲ್ಲಿರುವ ಗಾಳಿ ಹಿಂದಕ್ಕೆ ನುಗ್ಗಿ ಡಿಕ್ಕಿ ಹೊಡೆಯುತ್ತದೆ. ಹಾಗಾಗಿ ದಕ್ಷತೆ ಶೇ. 60ರ ಆಸುಪಾಸು, ಗಾಳಿ 61 ಡಿಗ್ರಿಯಷ್ಟು ಬಿಸಿಯಾಗಿ 88 ಡಿಗ್ರಿ ಮುಟ್ಟುತ್ತದೆ. ಬಿಸಿಗಾಳಿ ತೆಳು. ಒತ್ತಡ ಶೇ. 50 ಏರಿದರೂ ಸಿಲಿಂಡರಿಗೆ ಸೇರುವ ಗಾಳಿಯ ತೂಕ ಏರುವುದು ಶೇ. 25 ಮಾತ್ರ. ಅದೇ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ಹಾಯಿಸಿ 45 ಡಿಗ್ರಿಗೆ ಇಳಿಸಿದರೆ, ಕೊಳವೆಯ ನಷ್ಟ ಬಿಟ್ಟು, ಏರಿಕೆ ಶೇ. 41 ಆಗುತ್ತದೆ. ಇನ್ನೂ ದೊಡ್ಡ ಅಪಾಯ ನಾಕಿಂಗ್. ಬಿಸಿಯಾದ ಮಿಶ್ರಣ ಕಿಡಿಯ ಉರಿ ತನ್ನತ್ತ ತಲುಪುವ ಮೊದಲೇ ಮೂಲೆಯಲ್ಲಿ ತಾನಾಗಿ ಸಿಡಿಯುತ್ತದೆ. ಆ ಹೊಡೆತ ಪಿಸ್ಟನ್ನಿನ ತಲೆಯನ್ನೇ ತೂತು ಮಾಡಬಲ್ಲದು. ಬ್ರಿಟನ್ನಿನ ಹ್ಯಾರಿ ರಿಕಾರ್ಡೊ ಇದನ್ನು ಆಳವಾಗಿ ಅಭ್ಯಾಸ ಮಾಡಿದರು. ಅಮೆರಿಕದಲ್ಲಿ ಥಾಮಸ್ ಮಿಜ್ಲಿ 1921ರಲ್ಲಿ ಸೀಸದ ಸಂಯುಕ್ತ ಬೆರೆಸಿ ನಾಕಿಂಗ್ ತಡೆಯುವ ದಾರಿ ಕಂಡರು. ಅದು ಎಂಜಿನ್ನಿಗೆ ಹಿತವಾಯಿತು, ಜನರ ಆರೋಗ್ಯಕ್ಕೆ ವಿಷವಾಯಿತು.

ಎರಡನೆಯ ಮಹಾಯುದ್ಧದ ಬಳಿಕ ದೊಡ್ಡ ಪಂದ್ಯಗಳಲ್ಲಿ ಸೂಪರ್‌ಚಾರ್ಜರಿನ ಕಾಲ ಬೇಗ ಮುಗಿಯಿತು. ಒಂದೂವರೆ ಲೀಟರಿನ ಆಲ್ಫಾ ರೋಮಿಯೋ 159 ಎರಡು ಹಂತದ ಪಂಪಿನಿಂದ 400ಕ್ಕೂ ಹೆಚ್ಚು ಅಶ್ವಶಕ್ತಿ ಪಡೆಯುತ್ತಿತ್ತು, ನಿಜ. ಎಂಜಿನ್ ಕರಗದಿರಲು ಮೆಥನಾಲನ್ನು ಧಾರಾಳವಾಗಿ ಸುರಿಯಬೇಕಾಗಿ, ಒಂದು ಲೀಟರಿಗೆ ಒಂದು ಕಿಲೋಮೀಟರೂ ಓಡುತ್ತಿರಲಿಲ್ಲ. ಇಂಧನಕ್ಕಾಗಿ ಮತ್ತೆ ಮತ್ತೆ ನಿಲ್ಲಬೇಕು. 1951ರ ಜುಲೈಯಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಗೊನ್ಜಾಲೆಸ್ ಓಡಿಸಿದ, ಪಂಪಿಲ್ಲದ ನಾಲ್ಕೂವರೆ ಲೀಟರಿನ ಫೆರಾರಿ ಅದನ್ನು ಸೋಲಿಸಿತು. 1961ರ ಫಾರ್ಮುಲಾ ಒನ್ ನಿಯಮ ಸೂಪರ್‌ಚಾರ್ಜಿಂಗನ್ನೇ ನಿಷೇಧಿಸಿತು.

ಆದರೆ ಹವ್ಯಾಸಿಗಳ ಗ್ಯಾರೇಜಿನಲ್ಲಿ ಅದು ಉಳಿಯಿತು. ಬ್ರಿಟನ್ನಿನಲ್ಲಿ ಕ್ರಿಸ್ ಶಾರಕ್ ರೂಪಿಸಿದ ರೆಕ್ಕೆಗಳ ಪಂಪು ಎಂ.ಜಿ. ಕಾರುಗಳಿಗೂ ಮಾರಿಸ್ ಮೈನರಿಗೂ ಮುಂದೆ ಮಿನಿಗೂ ಬಂತು. ಅಮೆರಿಕದ ಪೆನ್ಸಿಲ್ವೇನಿಯಾದ ಜಡ್ಸನ್ ಕಂಪನಿ ಫೋಕ್ಸ್‌ವ್ಯಾಗನ್ ಬೀಟಲ್, ಎಂ.ಜಿ., ಟ್ರಯಂಫ್ ಕಾರುಗಳಿಗೆ ಪೂರ್ತಿ ಕಿಟ್ ಮಾರಿತು: ಪಂಪು, ಬ್ರ್ಯಾಕೆಟ್, ಬೆಲ್ಟ್, ಪುಲ್ಲಿ, ಎಣ್ಣೆ ತೊಟ್ಟಿಕ್ಕಿಸುವ ಸಣ್ಣ ಡಬ್ಬಿ. ಮಾಮೂಲಿ ಸ್ಪ್ಯಾನರುಗಳಿಂದ ಮನೆಯಲ್ಲೇ ಕೂರಿಸಿಕೊಳ್ಳಬಹುದಿತ್ತು. ಎಂಜಿನ್ನಿನ ಒಳಗನ್ನು ಮುಟ್ಟದೆ, ಒತ್ತಡವನ್ನು ಮಾತ್ರ ತಗ್ಗಿನಲ್ಲಿಟ್ಟು ಶಕ್ತಿ ಕೊಡುವುದು ಈ ಕಿಟ್ಟುಗಳ ಉಪಾಯ. ಇಂದು ಮಾರುವ ಕಿಟ್ಟುಗಳೂ ಬಹುಪಾಲು ಇದೇ ಉಪಾಯದವು.

1970ರ ದಶಕದಲ್ಲಿ ಟರ್ಬೊ ಎಲ್ಲ ಕಡೆ ಆವರಿಸಿತು. ವ್ಯರ್ಥವಾಗುವ ಹೊಗೆಯಿಂದ ಕೆಲಸ ತೆಗೆಯುವುದರಿಂದ ಅದು ಮಿತವ್ಯಯಿ. ಅಂದಿನ ಟರ್ಬೊಗಳ ದೋಷವೆಂದರೆ, ಪೆಡಲ್ ಒತ್ತಿ ಒಂದೆರಡು ಕ್ಷಣದ ಮೇಲೆ ಶಕ್ತಿ ಒಮ್ಮೆಲೇ ಧುಮುಕುತ್ತಿತ್ತು. ಹಗುರವಾದ ಕಾರು ತಿರುವಿನ ನಡುವೆ ಇದ್ದಾಗ ಹಾಗಾದರೆ ಹಿಂದಿನ ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ. ಲ್ಯಾನ್ಸಿಯಾ ತನ್ನ 037 ರ್‍ಯಾಲಿ ಕಾರಿಗೆ ಸೂಪರ್‌ಚಾರ್ಜರನ್ನೇ ಆರಿಸಿಕೊಂಡದ್ದು ಇದೇ ಕಾರಣಕ್ಕೆ. 1983ರ ವಿಶ್ವ ರ್‍ಯಾಲಿ ತಯಾರಕರ ಪಟ್ಟ ಅದಕ್ಕೆ ದಕ್ಕಿತು. ಟೊಯೋಟಾ 1986ರಲ್ಲಿ ನಡು-ಎಂಜಿನ್ನಿನ ಪುಟ್ಟ ಎಂಆರ್2 ಕಾರಿಗೆ ವಿದ್ಯುತ್ ಕ್ಲಚ್ ಇರುವ ರೂಟ್ಸ್ ಪಂಪು ಕೊಟ್ಟಿತು. ಮರ್ಸಿಡಿಸಿನ ಹಳೆಯ ಉಪಾಯ 65 ವರ್ಷದ ನಂತರ ಮತ್ತೆ ಬಳಕೆಗೆ ಬಂದಂತಾಯಿತು. ಫೋಕ್ಸ್‌ವ್ಯಾಗನ್ ಪೋಲೊ ಜಿ40, ಕೊರಾಡೊ ಜಿ60 ಕಾರುಗಳ ಸುರುಳಿಯಾಕಾರದ ಪಂಪು ನಯವಾಗಿ ಕೆಲಸ ಮಾಡುತ್ತಿತ್ತು. ಆದರೆ ಅದರ ಸೀಲುಗಳನ್ನು ಕಾಲಕಾಲಕ್ಕೆ ಬದಲಿಸದೆ, ಮೇಲಿಂದ ಚಿಕ್ಕ ಪುಲ್ಲಿ ಹಾಕಿ ಹೆಚ್ಚು ಸುತ್ತಿಸಿದ ಬಹಳ ಮಂದಿ ಪಂಪನ್ನೇ ಕಳೆದುಕೊಂಡರು.

ಸಣ್ಣ ಟ್ರ್ಯಾಕ್ ಕಾರುಗಳ ಇಂದಿನ ರೂಢಿಗೆ ಬುನಾದಿ ಹಾಕಿದ್ದು ಅಮೆರಿಕದ ಈಟನ್ ಕಂಪನಿಯ ಪಂಪುಗಳು. ಅದರ ಇಂಜಿನಿಯರುಗಳು ರೂಟ್ಸ್ ಉರುಳೆಗೆ ಮೂರು ಹಾಲೆ ಕೊಟ್ಟು, ಹಗ್ಗದ ಹುರಿಯಂತೆ 60 ಡಿಗ್ರಿ ತಿರುಚಿದರು. ಹಿಂದೆ ಹೇಳಿದ ಡಿಕ್ಕಿಯ ಹೊಡೆತ ಅದರಿಂದ ಮೆತ್ತಗಾಯಿತು. ಜೊತೆಗೆ ಒಂದು ಬೈಪಾಸ್ ವಾಲ್ವ್ ಬಂತು. ಮೆಲ್ಲಗೆ ಓಡಿಸುವಾಗ ಅದು ತೆರೆದುಕೊಂಡು ಗಾಳಿಯನ್ನು ಪಂಪಿನ ಸುತ್ತಲೇ ಹರಿಯಲು ಬಿಡುತ್ತದೆ, ಕ್ಲಚ್ಚಿನ ಗೊಡವೆ ಬೇಕಿಲ್ಲ. ಈ ಪಂಪುಗಳ ಹೆಸರಿನಲ್ಲಿರುವ ಅಂಕಿ ಒಂದು ಸುತ್ತಿಗೆ ಅದು ಸಾಗಿಸುವ ಗಾಳಿಯ ಘನ ಅಂಗುಲ: ಎಂ45 ಎಂದರೆ ಸುಮಾರು 737 ಸಿ.ಸಿ., ಎಂ62 ಎಂದರೆ ಒಂದು ಲೀಟರಿಗಿಂತ ತುಸು ಹೆಚ್ಚು. ಆಯ್ಕೆಯ ಲೆಕ್ಕ ಇಲ್ಲಿಂದ ಶುರು. 1.6 ಲೀಟರಿನ ಎಂಜಿನ್ ಕ್ರ್ಯಾಂಕಿನ ಒಂದು ಸುತ್ತಿಗೆ 800 ಸಿ.ಸಿ. ಗಾಳಿ ಎಳೆದುಕೊಳ್ಳುತ್ತದೆ. ಎಂ45 ಪಂಪನ್ನು ಎರಡು ಪಟ್ಟು ವೇಗದಲ್ಲಿ ಸುತ್ತಿಸಿದರೆ ಅದೇ ಹೊತ್ತಿನಲ್ಲಿ 1,470 ಸಿ.ಸಿ. ತಳ್ಳುತ್ತದೆ. ಹಿಡಿಸದ ಗಾಳಿಯೇ ಒತ್ತಡವಾಗುತ್ತದೆ. ಒತ್ತಡವನ್ನು ನಿರ್ಧರಿಸುವುದು ಪುಲ್ಲಿಯ ವ್ಯಾಸ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಕಾರಿಗೆ ಅಮೆರಿಕದ ಜಾಕ್ಸನ್ ರೇಸಿಂಗ್ ಈಟನ್ ಪಂಪಿನ ಕಿಟ್ ಮಾಡಿದ ಮೇಲೆ ಈ ಲೆಕ್ಕ ಸಾವಿರಾರು ಹವ್ಯಾಸಿಗಳ ಬಾಯಿಪಾಠವಾಯಿತು.

ಕೂರಿಸುವುದಕ್ಕಿಂತ ಹೆಚ್ಚು ಬದಲಾದದ್ದು ಹದಗೊಳಿಸುವ ವಿದ್ಯೆ. ಕಾರ್ಬ್ಯುರೇಟರ್ ಜಾಗಕ್ಕೆ ಬಂದ ಇಂಜೆಕ್ಷನ್ ವ್ಯವಸ್ಥೆಯ ಕಂಪ್ಯೂಟರಿಗೆ ವಾತಾವರಣಕ್ಕಿಂತ ಹೆಚ್ಚಿನ ಒತ್ತಡ ಎಂಬುದೇ ಅಪರಿಚಿತ. ಮೊದಲಿಗೆ ಅದನ್ನು ದಾಟಿಸಲು, ಗಾಳಿಯ ಒತ್ತಡ ಏರಿದಂತೆ ಪೆಟ್ರೋಲಿನ ಒತ್ತಡವನ್ನೂ ಏರಿಸುವ ರೆಗ್ಯುಲೇಟರ್ ಹಾಕಿದರು. ಅದು ಒರಟು ಉಪಾಯ. ಆಮೇಲೆ ಮೂಲ ಕಂಪ್ಯೂಟರಿನ ಬೆನ್ನ ಮೇಲೆ ಕುಳಿತು ಅದರ ಸಂಕೇತಗಳನ್ನು ತಿದ್ದುವ ಪೆಟ್ಟಿಗೆಗಳು ಬಂದವು. 2000ದ ಸುಮಾರಿಗೆ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬ ಅಮೆರಿಕನ್ನರು ಮೆಗಾಸ್ಕ್ವರ್ಟ್ ಎಂಬ ಅಗ್ಗದ ಇಂಜೆಕ್ಷನ್ ಕಂಪ್ಯೂಟರನ್ನು, ಮನೆಯಲ್ಲೇ ಬೆಸುಗೆ ಹಾಕಿ ಮಾಡಿಕೊಳ್ಳಬಹುದಾದಂತೆ ಹಂಚಿದರು. ಕಾರ್ಖಾನೆಗಳ ಗುಟ್ಟಾಗಿದ್ದ ವಿದ್ಯೆ ಸಾಮಾನ್ಯ ಹವ್ಯಾಸಿಯ ಕೈಗೆ ಬಂದದ್ದು ಆಗ. ಕಸುಬಿನ ಚರಿತ್ರೆಯಲ್ಲಿ ಇದಕ್ಕೆ ರೂಟ್ಸ್ ಸೋದರರ ಪಂಪಿನಷ್ಟೇ ಬೆಲೆ ಕೊಡಬೇಕು.

ಇನ್ನೊಂದು ಉಪಕರಣ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್. ಮಾಮೂಲಿ ಸೆನ್ಸರ್ ಮಿಶ್ರಣ 14.7ಕ್ಕಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳಬಲ್ಲದು. ಒತ್ತಡದಲ್ಲಿ ಬೇಕಾದ 11.5ರಿಂದ 12.5ರ ಹದ ಅದರ ನೋಟಕ್ಕೆ ನಿಲುಕದು. ವೈಡ್‌ಬ್ಯಾಂಡ್ ಆ ಅಂಕಿಯನ್ನೇ ಕ್ಷಣಕ್ಷಣಕ್ಕೂ ತೋರಿಸುತ್ತದೆ. ಪ್ಲಗ್ಗಿನ ಬಣ್ಣ ನೋಡಿ ಊಹಿಸುತ್ತಿದ್ದ ವಿಷಯ ಹೀಗೆ ಪರದೆಯ ಮೇಲಿನ ಅಂಕಿಯಾಯಿತು. ಕಾರನ್ನು ಡೈನೊ ಉರುಳೆಗಳ ಮೇಲೆ ನಿಲ್ಲಿಸಿ, ಸುತ್ತು ಮತ್ತು ಒತ್ತಡದ ಪ್ರತಿಯೊಂದು ಜೋಡಿಗೂ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂಬ ಕೋಷ್ಟಕವನ್ನು ಒಂದೊಂದೇ ಮನೆ ತುಂಬುವುದು ಈಗಿನ ಟ್ಯೂನಿಂಗ್. ಮೊದಲು ಪೆಟ್ರೋಲನ್ನು ಹೆಚ್ಚಿಗೆ, ಕಿಡಿಯನ್ನು ತಡವಾಗಿ ಇಟ್ಟು ಸುರಕ್ಷಿತ ಕಡೆಯಿಂದ ಆರಂಭಿಸಬೇಕು. ಆಮೇಲೆ ಕಿಡಿಯನ್ನು ಸ್ವಲ್ಪಸ್ವಲ್ಪವೇ ಮುಂದಕ್ಕೆ ತಂದು, ಶಕ್ತಿ ಏರುವುದು ನಿಂತ ಕಡೆ ತುಸು ಹಿಂದಕ್ಕೆ ಸರಿಸಬೇಕು. ಬೇರೆ ದೇಶದ ಕೋಷ್ಟಕವನ್ನು ಹಾಗೆಯೇ ತಂದು ತುಂಬುವುದು ಅಪಾಯ. ಯುರೋಪಿನ ಬಂಕುಗಳ ಪೆಟ್ರೋಲಿನ ಆಕ್ಟೇನ್, ಅಂದರೆ ನಾಕಿಂಗ್ ತಾಳುವ ಅಳತೆ, 95ರಿಂದ ಶುರುವಾದರೆ ಭಾರತದ ಸಾಮಾನ್ಯ ಪೆಟ್ರೋಲಿನದು ವರ್ಷಗಳ ಕಾಲ 91 ಇತ್ತು. ಅಲ್ಲಿ ಸುಗಮವಾಗಿ ಓಡುವ ಹದ ಇಲ್ಲಿ ಪಿಸ್ಟನ್ ಒಡೆಯಬಹುದಿತ್ತು.

ಕಾರ್ಖಾನೆಯಿಂದಲೇ ಪಂಪಿನೊಂದಿಗೆ ಬಂದ ಸಣ್ಣ ಕಾರುಗಳಲ್ಲಿ ಹೆಚ್ಚು ಕೈಗಳಿಗೆ ಸಿಕ್ಕಿದ್ದು 2002ರ ಮಿನಿ ಕೂಪರ್ ಎಸ್. 1.6 ಲೀಟರ್ ಎಂಜಿನ್, ಎಂ45 ಪಂಪು, ಬಾನೆಟ್ಟಿನ ಕಿಂಡಿಯ ಕೆಳಗೆ ಇಂಟರ್‌ಕೂಲರ್, 163 ಅಶ್ವಶಕ್ತಿ. ಶೇ. 15 ಚಿಕ್ಕದಾದ ಪುಲ್ಲಿ ಹಾಕುವುದು ಅದರ ಒಡೆಯರ ಮೊದಲ ಸಾಹಸ. ಒತ್ತಡವೂ ಶಕ್ತಿಯೂ ಏರುತ್ತವೆ. ಆದರೆ ಎಂಜಿನ್ ಗರಿಷ್ಠ ವೇಗದಲ್ಲಿದ್ದಾಗ ಪಂಪು ಮೂಲ ಪುಲ್ಲಿಯಲ್ಲೇ ನಿಮಿಷಕ್ಕೆ ಸುಮಾರು 14,000 ಸುತ್ತು ತಿರುಗುತ್ತಿರುತ್ತದೆ. ಅದಕ್ಕೂ ಮೇಲೆ ತಿರುಗಿಸಿದಂತೆ ಗಾಳಿಗಿಂತ ಶಾಖವೇ ಹೆಚ್ಚು ಹುಟ್ಟುತ್ತದೆ. ರಸ್ತೆಯಲ್ಲಿ ಇದು ಗೊತ್ತಾಗದು. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸಿದಾಗ ಇಂಟರ್‌ಕೂಲರ್ ಕಾದು, ಕಂಪ್ಯೂಟರ್ ನಾಕಿಂಗ್ ಹೆದರಿಕೆಯಿಂದ ಕಿಡಿಯನ್ನು ತಡವಾಗಿಸುತ್ತದೆ. ಮೊದಲ ಸುತ್ತಿನ ಶಕ್ತಿ ಹತ್ತನೆಯ ಸುತ್ತಿನಲ್ಲಿ ಇರುವುದಿಲ್ಲ. ಶಾಖ ಕಡಿಮೆ ಹುಟ್ಟಿಸುವ ಪಂಪುಗಳೂ ಇವೆ: ಸ್ವೀಡನ್ನಿನ ಆಲ್ಫ್ ಲಿಸ್‌ಹೋಮ್ 1930ರ ದಶಕದಲ್ಲಿ ರೂಪಿಸಿದ ಜೋಡಿ ಸ್ಕ್ರೂ ಮಾದರಿ, ಡೆನ್ಮಾರ್ಕಿನ ರೋಟ್ರೆಕ್ಸ್ ಕಂಪನಿಯ ಸೆಂಟ್ರಿಫ್ಯೂಗಲ್ ಮಾದರಿ, ಈಟನ್ನಿನದೇ ನಾಲ್ಕು ಹಾಲೆಗಳ ಟಿವಿಎಸ್.

ಈ ಚರಿತ್ರೆಯ ಎರಡು ತುದಿಗಳನ್ನು ಕೂಡಿಸುವ ಹೆಸರು ಲೋಟಸ್. ಕಾಲಿನ್ ಚ್ಯಾಪ್ಮನ್ 1948ರಲ್ಲಿ ತಮ್ಮ ಮೊದಲ ಕಾರನ್ನು ಕಟ್ಟಿದ್ದು ಹಳೆಯ ಆಸ್ಟಿನ್ ಸೆವೆನ್ ಒಂದರ ಮೇಲೆ. ಅವರು ಸ್ಥಾಪಿಸಿದ ಸಂಸ್ಥೆ 1996ರಲ್ಲಿ ಹೊರತಂದ ಎಲಿಸ್ ಕಾರಿನ ತೂಕ 700 ಕಿಲೋ ಚಿಲ್ಲರೆ, ಶಕ್ತಿ 118 ಅಶ್ವಶಕ್ತಿ. ಮುಂದೆ 1.8 ಲೀಟರಿನ ಟೊಯೋಟಾ ಎಂಜಿನ್ ಬಂತು. 2006ರ ಎಕ್ಸೀಜ್ ಎಸ್ ಕಾರಿನಲ್ಲಿ ಅದಕ್ಕೆ ಎಂ62 ಪಂಪು ಕೂರಿಸಿ, ಚಾವಣಿಯ ಮೇಲಿನ ಕಿಂಡಿಯಿಂದ ಇಂಟರ್‌ಕೂಲರಿಗೆ ಗಾಳಿ ಹಾಯಿಸಿದಾಗ ಶಕ್ತಿ 218 ಅಶ್ವಶಕ್ತಿಗೆ ಏರಿತು. ಎರಡು ವರ್ಷದ ನಂತರದ ಎಲಿಸ್ ಎಸ್‌ಸಿ ಕಾರಿನಲ್ಲಿ ತೂಕ ಉಳಿಸಲೆಂದು ಇಂಟರ್‌ಕೂಲರನ್ನೇ ಬಿಟ್ಟರು. ರಸ್ತೆಗೆ ಅದು ಸರಿಹೋಯಿತು. ಟ್ರ್ಯಾಕಿಗೆ ಕೊಂಡೊಯ್ಯುವವರಿಗೆ ಎಕ್ಸೀಜಿನ ಏರ್ಪಾಡೇ ಮೇಲು. ಇಂಗ್ಲೆಂಡಿನ ಹೆಥೆಲ್ ಕಾರ್ಖಾನೆಯಲ್ಲಿ ಎಲಿಸ್ ಮತ್ತು ಎಕ್ಸೀಜ್ ತಯಾರಿ 2021ರ ಡಿಸೆಂಬರಿನಲ್ಲಿ ನಿಂತಿತು. ಎಲಿಸಿನ ಕೊನೆಯ ಆವೃತ್ತಿಯಾಗಿ ಬಂದ ಎರಡು ಮಾದರಿಗಳಲ್ಲಿಯೂ ಸೂಪರ್‌ಚಾರ್ಜರ್ ಇತ್ತು.